ಲಿವರಿನ ಕೆಲಸ ಮಾಡುವ ಬೂಷ್ಟು

ನಮ್ಮ ಕಾಸರಗೋಡಿನ ಮಳೆಗಾಲದಲ್ಲಿ ಬೂಷ್ಟಿಗೆ ಯಾರೂ ಹೇಳಿಕಳಿಸಬೇಕಿಲ್ಲ. ಬೆಲ್ಟು, ಚಪ್ಪಲಿ, ಸರಿಯಾಗಿ ಒಣಗದ ಅಡಿಕೆ, ಎಲ್ಲಕ್ಕೂ ತಾನೇ ಹಿಡಿಯುತ್ತದೆ. ಅದನ್ನು ಲ್ಯಾಬಿನಲ್ಲಿ ಅನ್ನ ಹಾಕಿ ಸಾಕುತ್ತೇವೆ ಎಂದರೆ ನೆಂಟರಿಗೆಲ್ಲ ನಗು. ಸಾಕುವುದಕ್ಕೆ ಕಾರಣ ಉಂಟು: ಔಷಧಗಳನ್ನು ನಮ್ಮ ಲಿವರ್ ಬದಲಾಯಿಸುವ ಹಾಗೆ ಕೆಲವು ಬೂಷ್ಟುಗಳೂ ಬದಲಾಯಿಸುತ್ತವೆ.

ಶಾಲೆಯಲ್ಲಿ ಮಕ್ಕಳಿಗೆ ಕೊಡುವ ಹುಳದ ಮಾತ್ರೆಯನ್ನೇ ನೋಡಿ. ಅದು 400 ಮಿಲಿಗ್ರಾಂ ಅಲ್ಬೆಂಡಜೋಲ್. ಕರುಳಿನಿಂದ ಒಳಗೆ ಸೇರಿದ ಔಷಧವನ್ನು ಲಿವರ್ ಹಾಗೆಯೇ ಬಿಡುವುದಿಲ್ಲ. ಅದರ ಗಂಧಕಕ್ಕೆ ಒಂದು ಆಮ್ಲಜನಕ ಅಂಟಿಸಿ ಸಲ್ಫಾಕ್ಸೈಡ್ ಮಾಡುತ್ತದೆ, ಇನ್ನೊಂದು ಅಂಟಿಸಿದರೆ ಸಲ್ಫೋನ್. ಮೆದುಳಿಗೆ ಸೇರಿದ ಲಾಡಿಹುಳದ ಮರಿಗಳನ್ನು ಹೊಡೆಯುವುದು ಮುಖ್ಯವಾಗಿ ಈ ಸಲ್ಫಾಕ್ಸೈಡೇ. ಇಂಥ ಬದಲಾದ ರೂಪಗಳೇ ಮೆಟಬೊಲೈಟ್‌ಗಳು. ಕನ್ನಿಂಗಮೆಲ್ಲಾ ಎಂಬ ಬೂಷ್ಟೂ ಅಲ್ಬೆಂಡಜೋಲನ್ನು ಹೀಗೆಯೇ ಬದಲಾಯಿಸುತ್ತದೆ. ನಮ್ಮ ಲಿವರಿನಂತೆ ಅದರೊಳಗೂ ಆಮ್ಲಜನಕ ಅಂಟಿಸುವ ಸೈಟೋಕ್ರೋಮ್ ಪಿ450 ಎಂಬ ಕಿಣ್ವಗಳಿವೆ.

ಕೆಲಸ ಸರಳ. ಪೋಷಕ ದ್ರಾವಣದಲ್ಲಿ ಬೂಷ್ಟನ್ನು ಎರಡು ಮೂರು ದಿನ ಶೇಕರಿನಲ್ಲಿ ಬೆಳೆಸಬೇಕು. ಹತ್ತಿಯ ಉಂಡೆಯಂತೆ ಕಟ್ಟಿಕೊಂಡ ಮೇಲೆ ಔಷಧ ಸೇರಿಸಿ, ಕೆಲವು ದಿನ ಬಿಟ್ಟು, ಈಥೈಲ್ ಅಸಿಟೇಟ್ ಎಂಬ ದ್ರಾವಕದಲ್ಲಿ ಎಳೆದು ತೆಗೆಯಬೇಕು. ಆದರೆ ಪಕ್ಕದಲ್ಲಿ ಇನ್ನೆರಡು ಫ್ಲಾಸ್ಕ್ ಇಲ್ಲದಿದ್ದರೆ ನಾನು ಫಲಿತಾಂಶದ ಹಾಳೆಯನ್ನು ಮುಟ್ಟುವುದೂ ಇಲ್ಲ: ಒಂದರಲ್ಲಿ ಬೂಷ್ಟು ಮಾತ್ರ, ಇನ್ನೊಂದರಲ್ಲಿ ಔಷಧ ಮಾತ್ರ. ಕೆಲವು ಔಷಧಗಳು ಸುಮ್ನೆ ಬಿಟ್ಟರೂ ಒಡೆಯುತ್ತವೆ. ಬೂಷ್ಟೂ ತನ್ನದೇ ಹತ್ತಾರು ಪದಾರ್ಥ ಸುರಿಸುತ್ತದೆ. ಯಂತ್ರದ ನಕ್ಷೆಯಲ್ಲಿ ಹೊಸ ಪೀಕ್, ಅಂದರೆ ಹೊಸ ಪದಾರ್ಥದ ಏರುಗೆರೆ, ಕಂಡ ಕೂಡಲೇ ಕುಣಿಯುವ ವಿದ್ಯಾರ್ಥಿಗಳಿಗೆ ಇದನ್ನು ಹೇಳಿ ಹೇಳಿ ಸಾಕಾಗಿದೆ.

ಆಮೇಲೆ ತೂಕ ನೋಡುತ್ತೇವೆ. ಅಲ್ಬೆಂಡಜೋಲಿನ ಅಣುತೂಕ ಸುಮಾರು 265. ಯಂತ್ರ 281 ತೋರಿಸಿದರೆ ಒಂದು ಆಮ್ಲಜನಕ ಸೇರಿದೆ, 297 ಆದರೆ ಎರಡು. ಎಲ್ಲಿ ಸೇರಿತು ಎಂದು ತೂಕ ಹೇಳುವುದಿಲ್ಲ. ಅದಕ್ಕೆ ಅಣುವಿನ ರಚನೆ ತೋರಿಸುವ ಎನ್‌ಎಂಆರ್ ಪರೀಕ್ಷೆ ಬೇಕು, ಎನ್‌ಎಂಆರ್‌ಗೆ ಕೈಗೆ ಸಿಗುವಷ್ಟು ಮಾಲು ಬೇಕು. ಲಿವರ್ ಜೀವಕೋಶಗಳಿಂದ ಅಷ್ಟು ತೆಗೆಯುವುದು ದುಬಾರಿ. ಬೂಷ್ಟಿನಲ್ಲಾದರೆ ಇನ್ನೂ ನಾಲ್ಕು ಫ್ಲಾಸ್ಕ್ ಇಟ್ಟರಾಯಿತು. ನನ್ನ ಲೆಕ್ಕದಲ್ಲಿ ಬೂಷ್ಟಿನ ನಿಜವಾದ ಉಪಯೋಗ ಇಷ್ಟೇ, ಇದೇನು ಕಮ್ಮಿಯಲ್ಲ.

ಲಿವರಿನ ಬದಲಿಗೆ ಬೂಷ್ಟು ಸಾಕು ಎನ್ನುವವರ ಮಾತು ಮಾತ್ರ ನಂಬಬೇಡಿ. 1952ರಲ್ಲಿ ಅಮೆರಿಕದ ಅಪ್‌ಜಾನ್ ಕಂಪನಿಯ ಪೀಟರ್ಸನ್ ಮತ್ತು ಮರ್ರೆ, ರೈಜೋಪಸ್ ಬೂಷ್ಟಿನಿಂದ ಪ್ರೊಜೆಸ್ಟರಾನ್ ಎಂಬ ಹಾರ್ಮೋನಿನ 11ನೇ ಇಂಗಾಲಕ್ಕೆ ಆಮ್ಲಜನಕ ಸೇರಿಸಿದ್ದನ್ನು ಪ್ರಕಟಿಸಿದರು. ಕಾರ್ಟಿಸೋನ್ ಎಂಬ ಔಷಧ ಅಗ್ಗವಾಗಲು ಅದೇ ದಾರಿಯಾಯಿತು. ಆದರೆ ನಮ್ಮ ಅಡ್ರಿನಲ್ ಗ್ರಂಥಿ ಅದೇ ಇಂಗಾಲದ ಬೀಟಾ ಎಂಬ ಮೇಲ್ಮುಖಕ್ಕೆ ಸೇರಿಸುತ್ತದೆ, ರೈಜೋಪಸ್ ಆಲ್ಫಾ ಎಂಬ ಕೆಳಮುಖಕ್ಕೆ. ಜಾಗ ಒಂದೇ, ಮಗ್ಗುಲು ಬೇರೆ. ದೇಹ ಮಾಡಿದ್ದನ್ನೇ ಬೂಷ್ಟೂ ಮಾಡುತ್ತದೆ ಎನ್ನಲಾಗದು.

ಬದಲಾಯಿತು ಎಂದರೆ ವಿಷ ಇಳಿಯಿತು ಎಂದೂ ಅಲ್ಲ. ಗೇರುತೋಟಗಳಿಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದ ಈ ಜಿಲ್ಲೆಯಲ್ಲಿ ಇದನ್ನು ಬಿಡಿಸಿ ಹೇಳಬೇಕಾ? ಮಣ್ಣಿನ ಹಲವು ಬೂಷ್ಟುಗಳು ಎಂಡೋಸಲ್ಫಾನಿಗೂ ಆಮ್ಲಜನಕ ಸೇರಿಸುತ್ತವೆ. ಆಗ ಸಿಗುವ ಎಂಡೋಸಲ್ಫಾನ್ ಸಲ್ಫೇಟ್ ಮೂಲದಷ್ಟೇ ವಿಷ, ಮಣ್ಣಲ್ಲಿ ಅದಕ್ಕಿಂತ ಜಾಸ್ತಿ ಕಾಲ ಉಳಿಯುತ್ತದೆ.