ಸಿಗಡಿ ಮೊಕದ್ದಮೆಯಲ್ಲಿ ನಾವು ಗೆದ್ದದ್ದೇನು?

ಅಮೆರಿಕಕ್ಕೆ ಹೋಗುವ ಸಿಗಡಿಯ ಪ್ರತಿ ರವಾನೆಯ ಜತೆಗೂ ಡಿಎಸ್-2031 ಎಂಬ ಘೋಷಣಾ ಪತ್ರ ಹೋಗಬೇಕು. ಮತ್ಸ್ಯೋತ್ಪನ್ನ ರಫ್ತುದಾರರಿಗೆ ಕಾನೂನು ಸಲಹೆ ನೀಡುವ ನನ್ನ ಮೇಜಿನ ಮೇಲೆ ಅದು ಬಾರದ ತಿಂಗಳಿಲ್ಲ. ಅದರಲ್ಲಿ ಗುರುತು ಹಾಕಬೇಕಾದ ಚೌಕಗಳು ಕೆಲವೇ: ಸಿಗಡಿ ಕೊಳದಲ್ಲಿ ಸಾಕಿದ್ದೇ, ಹಾಗಿದ್ದರೆ ಹಿಡಿಯುವ ಮುನ್ನ ಕನಿಷ್ಠ 30 ದಿನ ಕೊಳದಲ್ಲಿತ್ತೇ, ಆಮೆ ಪಾರಾಗುವ ಸಾಧನವಿದ್ದ ಟ್ರಾಲ್ ಬಲೆಯದೇ, ಯಂತ್ರದ ನೆರವಿಲ್ಲದೆ ಕೈಯಿಂದ ಎಳೆದ ಬಲೆಯದೇ, ಆಮೆಗಳೇ ಇಲ್ಲದ ತಣ್ಣೀರಿನ ಕಡಲಿನದೇ. ನಮ್ಮ ದೇಶದ ರಫ್ತುದಾರರಲ್ಲಿ ಹೆಚ್ಚಿನವರು ಯೋಚಿಸದೆ ಮೊದಲ ಚೌಕಕ್ಕೆ ಗುರುತು ಹಾಕುತ್ತಾರೆ, ಏಕೆಂದರೆ ಅವರು ಕಳಿಸುವುದು ಕೊಳದ ವನಾಮಿ ಸಿಗಡಿ. ಒಮ್ಮೆ ಈ ವ್ಯಾಪಾರಕ್ಕೆ ಹೊಸಬರಾದ ಒಬ್ಬರು, ದಕ್ಕೆಯ ಹರಾಜಿನಲ್ಲಿ ಕೊಂಡ ಕಡಲ ಸಿಗಡಿಯ ಕಡತ ಹಿಡಿದು ಬಂದು, ಇದು ಯಾವ ಚೌಕಕ್ಕೆ ಸೇರುತ್ತದೆ ಎಂದು ಕೇಳಿದರು. ಯಾವುದಕ್ಕೂ ಸೇರುವುದಿಲ್ಲ ಎಂದೆ. "ಆ ಕೇಸನ್ನು ನಾವೇ ಗೆದ್ದಿದ್ದೆವಲ್ಲ ಸಾರ್?" ಎಂದರು.

ಕಡಲಾಮೆಗಳ ರಕ್ಷಣೆಗೆಂದು ಅಮೆರಿಕ ಹಾಕಿದ ಸಿಗಡಿ ಆಮದು ನಿಷೇಧವನ್ನು ಭಾರತ ಮತ್ತಿತರ ದೇಶಗಳು ವಿಶ್ವ ವ್ಯಾಪಾರ ಸಂಸ್ಥೆಯಲ್ಲಿ ಪ್ರಶ್ನಿಸಿ 1998ರಲ್ಲಿ ಗೆದ್ದ ಕೇಸದು. ಗೆದ್ದದ್ದು ನಿಜ. ಆದರೆ ಆ ಗೆಲುವಿನ ಒಳಗೇ ಸೋಲೊಂದಿತ್ತು. ಅಂತರರಾಷ್ಟ್ರೀಯ ವ್ಯಾಪಾರ ಕಾನೂನಿಗೂ ಕಡಲ ಜೀವಿಗಳ ಸಂರಕ್ಷಣೆಗೂ ಇರುವ ತಿಕ್ಕಾಟ ಅರ್ಥವಾಗಬೇಕಾದರೆ ಆ ಸೋಲನ್ನು ಗಮನಿಸಬೇಕು.

ಕಡಲಾಮೆ ಉಸಿರಾಡುವುದು ಶ್ವಾಸಕೋಶದಿಂದ. ಗಂಟೆಗಟ್ಟಲೆ ತಳ ಗುಡಿಸುತ್ತ ಸಾಗುವ ಟ್ರಾಲ್ ಬಲೆಯೊಳಗೆ ಸಿಕ್ಕಿಬಿದ್ದರೆ ಅದು ಮೇಲೆ ಬರಲಾರದೆ ಮುಳುಗಿ ಸಾಯುತ್ತದೆ. ಇದಕ್ಕೆ ಅಮೆರಿಕದಲ್ಲಿ ಕಂಡುಕೊಂಡ ಉಪಾಯ ಟೆಡ್ ಎಂಬ ಸಾಧನ: ಬಲೆಯ ಕೊನೆಯ ಚೀಲಕ್ಕಿಂತ ಸ್ವಲ್ಪ ಮೊದಲು ಓರೆಯಾಗಿ ಕೂರಿಸಿದ ಲೋಹದ ಸರಳುಗಳ ಚೌಕಟ್ಟು, ಅದರ ಪಕ್ಕದಲ್ಲಿ ಬಲೆಯನ್ನು ಕತ್ತರಿಸಿ ಮಾಡಿದ ಬಾಗಿಲು. ಸಿಗಡಿ ಸರಳುಗಳ ನಡುವೆ ನುಸುಳಿ ಚೀಲ ಸೇರುತ್ತದೆ. ಆಮೆ ಸರಳಿಗೆ ತಾಗಿ ಜಾರುತ್ತ ಬಾಗಿಲಿನಿಂದ ಹೊರಬೀಳುತ್ತದೆ. ತನ್ನ ಬೋಟುಗಳಿಗೆ ಇದನ್ನು ಕಡ್ಡಾಯ ಮಾಡಿದ ಅಮೆರಿಕ, 1989ರಲ್ಲಿ ತಂದ 609ನೇ ವಿಧಿಯ ಮೂಲಕ ಹೊರದೇಶಗಳ ಸಿಗಡಿಗೂ ಇದೇ ಷರತ್ತು ಹಾಕಿತು. ಮೊದಲು ಈ ವಿಧಿ ಅನ್ವಯಿಸಿದ್ದು ಕೆರಿಬಿಯನ್ ಮತ್ತು ಪಶ್ಚಿಮ ಅಟ್ಲಾಂಟಿಕ್ ಪ್ರದೇಶದ 14 ದೇಶಗಳಿಗೆ; ಅವಕ್ಕೆ ಹೊಂದಿಕೊಳ್ಳಲು ಮೂರು ವರ್ಷ ಸಿಕ್ಕಿತು. 1995ರ ಡಿಸೆಂಬರಿನಲ್ಲಿ ಅಲ್ಲಿನ ವ್ಯಾಪಾರ ನ್ಯಾಯಾಲಯ, 1996ರ ಮೇ 1ರಿಂದ ಇದು ಇಡೀ ಜಗತ್ತಿಗೆ ಅನ್ವಯವಾಗಬೇಕು ಎಂದಾಗ ಏಷ್ಯಾದ ದೇಶಗಳಿಗೆ ಉಳಿದದ್ದು ನಾಲ್ಕೇ ತಿಂಗಳು. ಭಾರತ, ಪಾಕಿಸ್ತಾನ, ಮಲೇಷ್ಯಾ ಮತ್ತು ಥಾಯ್ಲೆಂಡ್ ಒಟ್ಟಾಗಿ ವಿಶ್ವ ವ್ಯಾಪಾರ ಸಂಸ್ಥೆಯ ಬಾಗಿಲು ತಟ್ಟಿದವು. ಭಾರತ ಮತ್ತು ಪಾಕಿಸ್ತಾನ ಒಂದೇ ಪಕ್ಷದಲ್ಲಿ ನಿಂತ ಅಪರೂಪದ ದಾವೆಗಳಲ್ಲಿ ಇದೂ ಒಂದು.

ಸರಕು ವ್ಯಾಪಾರಕ್ಕೆ ಆ ಸಂಸ್ಥೆಯ ಮೂಲ ನಿಯಮಗಳಿರುವ ಗ್ಯಾಟ್ ಒಪ್ಪಂದದ 11ನೇ ವಿಧಿ ಆಮದು ನಿಷೇಧವನ್ನು ಒಪ್ಪುವುದಿಲ್ಲ. ಆದರೆ 20ನೇ ವಿಧಿಯು, ಮುಗಿದುಹೋಗಬಲ್ಲ ನೈಸರ್ಗಿಕ ಸಂಪನ್ಮೂಲಗಳ ರಕ್ಷಣೆಗೆ ಸಂಬಂಧಿಸಿದ ಕ್ರಮಗಳಿಗೆ ವಿನಾಯಿತಿ ಕೊಡುತ್ತದೆ. ನಮ್ಮ ಕಡೆಯ ವಾದವೇನಿತ್ತೆಂದರೆ, ಮುಗಿದುಹೋಗುವುದು ಖನಿಜದಂಥ ವಸ್ತು. ಮರಿ ಹಾಕಿ ಬೆಳೆಯುವ ಜೀವಿಯನ್ನು ಆ ಗುಂಪಿಗೆ ಸೇರಿಸಬಾರದು ಎಂಬುದು. 1998ರ ಅಕ್ಟೋಬರ್ 12ರ ತೀರ್ಪಿನಲ್ಲಿ ಸಂಸ್ಥೆಯ ಮೇಲ್ಮನವಿ ಮಂಡಳಿ ಈ ವಾದವನ್ನು ತಳ್ಳಿಹಾಕಿತು. ಏಳೂ ಪ್ರಭೇದದ ಕಡಲಾಮೆಗಳು ಅಳಿವಿನಂಚಿನ ಜೀವಿಗಳ ವ್ಯಾಪಾರ ಕುರಿತ ಸೈಟಿಸ್ ಒಪ್ಪಂದದ ಮೊದಲ ಅನುಬಂಧದಲ್ಲಿರುವುದನ್ನು ಅದು ಎತ್ತಿ ತೋರಿಸಿತು. ಆಮೆಯನ್ನು ಉಳಿಸಲು ವ್ಯಾಪಾರ ತಡೆಯುವುದು ತಾತ್ವಿಕವಾಗಿ ಸಾಧ್ಯವೆಂದು ಒಪ್ಪಿತು. ಅಮೆರಿಕ ಸೋತದ್ದು ಅದೇ 20ನೇ ವಿಧಿಯ ಪೀಠಿಕೆಯಲ್ಲಿ: ವಿನಾಯಿತಿಯನ್ನು ಬಳಸುವಾಗ ದೇಶದೇಶಗಳ ನಡುವೆ ಸಮರ್ಥಿಸಲಾಗದ ತಾರತಮ್ಯ ಮಾಡಬಾರದೆಂಬ ಸಾಲಿನಲ್ಲಿ. ಕೆಲವರಿಗೆ ಮೂರು ವರ್ಷ, ಕೆಲವರಿಗೆ ನಾಲ್ಕು ತಿಂಗಳು. ಕೆಲವರೊಂದಿಗೆ ಕೂತು ಒಪ್ಪಂದ, ಕೆಲವರಿಗೆ ಬರೀ ಆದೇಶ. ಟೆಡ್ ಬಳಸಿಯೇ ಹಿಡಿದ ಸಿಗಡಿಯಾದರೂ ಅದು ಬಂದ ದೇಶಕ್ಕೆ ಅಮೆರಿಕದ ಪ್ರಮಾಣೀಕರಣವಿಲ್ಲವೆಂದು ತಡೆ. ಮಂಡಳಿ ತಪ್ಪೆಂದದ್ದು ಇವನ್ನು.

ಮರುವರ್ಷ ಸಿಯಾಟಲ್‌ನಲ್ಲಿ ವಿಶ್ವ ವ್ಯಾಪಾರ ಸಂಸ್ಥೆಯ ಸಭೆಯ ಹೊರಗೆ ಆಮೆಯ ವೇಷ ತೊಟ್ಟು ಪ್ರತಿಭಟಿಸಿದವರು, ಈ ತೀರ್ಪು ಆಮೆಗಳಿಗೆ ವಿರುದ್ಧವೆಂದು ತಿಳಿದಿದ್ದರು. ನಮ್ಮಲ್ಲಿ ಅನೇಕರು ಅದು ರಫ್ತಿನ ಪರವೆಂದು ತಿಳಿದರು. ನನ್ನ ಅನಿಸಿಕೆಯಲ್ಲಿ ಇಬ್ಬರೂ ತೀರ್ಪಿನ ಕೊನೆಯ ಪುಟವನ್ನಷ್ಟೇ ಓದಿದ್ದರು. ಅಮೆರಿಕ ಕಾನೂನನ್ನು ಹಾಗೆಯೇ ಉಳಿಸಿಕೊಂಡು ಮಾರ್ಗಸೂಚಿಯನ್ನು ಸಡಿಲಿಸಿತು, ಏಷ್ಯಾದ ದೇಶಗಳೊಂದಿಗೆ ಮಾತುಕತೆಗೆ ಕೂತಿತು. ಮಲೇಷ್ಯಾ ಮತ್ತೆ ಪ್ರಶ್ನಿಸಿದಾಗ, 2001ರಲ್ಲಿ ಅದೇ ಮಂಡಳಿ ಅಮೆರಿಕದ ಪರ ನಿಂತಿತು: ಪ್ರಾಮಾಣಿಕವಾಗಿ ಮಾತುಕತೆ ನಡೆಸಿದರೆ ಸಾಕು, ಅದು ಒಪ್ಪಂದದಲ್ಲೇ ಮುಗಿಯಬೇಕೆಂದಿಲ್ಲ. ನಿಷೇಧ ಇಂದಿಗೂ ಇರುವುದು ಹೀಗೆ. ಭಾರತದ ಟ್ರಾಲ್ ಬೋಟುಗಳು ಟೆಡ್ ಬಳಸುತ್ತಿಲ್ಲವೆಂಬ ಕಾರಣಕ್ಕೆ ನಮ್ಮ ಕಡಲ ಸಿಗಡಿಗೆ 2019ರಿಂದ ಅಮೆರಿಕದ ಬಾಗಿಲು ಮುಚ್ಚಿದೆ.

ಬಳಸುತ್ತಿಲ್ಲವೇಕೆ ಎಂದು ಮಂಗಳೂರಿನ ಅಥವಾ ಮಲ್ಪೆಯ ಯಾವ ತಾಂಡೇಲರನ್ನು, ಅಂದರೆ ಬೋಟು ನಡೆಸುವವರನ್ನು, ಕೇಳಿದರೂ ಉತ್ತರ ಒಂದೇ. ಅಮೆರಿಕದ ಸಿಗಡಿ ಬೋಟಿಗೆ ಸಿಗಡಿಯೇ ಸರ್ವಸ್ವ; ನಮ್ಮ ಬಲೆಯಲ್ಲಿ ಸಿಗಡಿಯ ಜತೆ ಬೊಂಡಾಸ್, ನಂಗ್, ತೊರಕೆ ಎಲ್ಲವೂ ಬರುತ್ತವೆ, ಎಲ್ಲವೂ ಮಾರಾಟವಾಗುತ್ತವೆ. ಆಮೆಗೆಂದು ತೆರೆದ ಬಾಗಿಲಿನಿಂದ ದೊಡ್ಡ ತೊರಕೆಯೂ ಹೊರಹೋಗುತ್ತದೆ. ಡೀಸೆಲ್‌ಗೂ ಮಂಜುಗಡ್ಡೆಗೂ ಹಣ ಹೊಂದಿಸುವವನಿಗೆ ಇದು ಸಣ್ಣ ನಷ್ಟವಲ್ಲ. ಕೊಚ್ಚಿಯ ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆ ನಮ್ಮ ಬಲೆಗಳಿಗೆ ಹೊಂದುವ ಟೆಡ್ ರೂಪಿಸಿದ್ದರೂ ಬೋಟಿನವರ ಮನವೊಲಿಸುವುದು ಸುಲಭವಾಗಿಲ್ಲ. ನಿಷೇಧದ ಬಿಸಿ ಯಾರಿಗೆ ತಟ್ಟಿತೆಂಬುದನ್ನೂ ನೋಡಬೇಕು: ಕೊಳದ ಸಿಗಡಿ ಕಳಿಸುವ ರಫ್ತುದಾರನಿಗೆ ತಟ್ಟಲಿಲ್ಲ, ಬಲೆ ಎಳೆಯುವವನಿಗೆ ದರದಲ್ಲಿ ತಟ್ಟಿತು. ಮೇಲೆ ಹೇಳಿದ ಆ ಹೊಸಬರು ತಮ್ಮ ಸರಕನ್ನು ಕೊನೆಗೆ ಬೇರೆ ದೇಶಕ್ಕೆ ಕಡಿಮೆ ಬೆಲೆಗೆ ಕಳಿಸಿದರು. ಅದನ್ನು ಹಿಡಿದ ಬಲೆ ಮರುದಿನವೂ ಬಾಗಿಲಿಲ್ಲದೆಯೇ ಕಡಲಿಗಿಳಿದಿರುತ್ತದೆ.

ಇಂಥ ಜಗಳ ಯಾವ ನ್ಯಾಯಪೀಠಕ್ಕೆ ಸೇರಿದ್ದು ಎಂಬ ಗೊಂದಲವೂ ಹೊಸದಲ್ಲ. ತನ್ನ ಕಡಲಿನಾಚೆ ಕತ್ತಿಮೀನು ಹಿಡಿಯುತ್ತಿದ್ದ ಸ್ಪೇನಿನ ಹಡಗುಗಳಿಗೆ ಚಿಲಿ ಬಂದರು ಮುಚ್ಚಿದಾಗ, 2000ದಲ್ಲಿ ಒಂದೇ ಜಗಳ ಜಿನೀವಾದ ವ್ಯಾಪಾರ ಪೀಠಕ್ಕೂ ಹ್ಯಾಂಬರ್ಗಿನ ಸಮುದ್ರ ಕಾನೂನು ನ್ಯಾಯಮಂಡಳಿಗೂ ಹೋಯಿತು. ಎರಡೂ ಕಡೆ ತೀರ್ಪು ಬರುವ ಮುನ್ನವೇ ರಾಜಿಯಾಯಿತು; ವಕೀಲರಿಗೆ ಬಹುಶಃ ನಿರಾಶೆಯಾಗಿರಬೇಕು.

ಈಗ ಚಕ್ರ ತಿರುಗಿದೆ. 2022ರ ಜೂನ್ 17ರಂದು ಅಂಗೀಕಾರವಾಗಿ 2025ರ ಸೆಪ್ಟೆಂಬರ್ 15ರಂದು ಜಾರಿಗೆ ಬಂದ ವಿಶ್ವ ವ್ಯಾಪಾರ ಸಂಸ್ಥೆಯ ಮೀನುಗಾರಿಕೆ ಸಬ್ಸಿಡಿ ಒಪ್ಪಂದದಲ್ಲಿ ವ್ಯಾಪಾರ ಕಾನೂನೇ ಸಂರಕ್ಷಣೆಯ ಕೆಲಸಕ್ಕಿಳಿದಿದೆ. ಅಕ್ರಮ ಮೀನುಗಾರಿಕೆಗೆ, ಅತಿಯಾಗಿ ಬರಿದಾದ ಮೀನು ಸಂತತಿಯನ್ನು ಹಿಡಿಯುವುದಕ್ಕೆ ಸರ್ಕಾರಗಳು ನೆರವು ಕೊಡುವಂತಿಲ್ಲ ಎಂಬುದು ಅದರ ತಿರುಳು. ಆದರೆ ಕಡಲಿನಲ್ಲಿ ಬೋಟುಗಳೇ ಹೆಚ್ಚಾಗಲು ಕಾರಣವಾಗುವ ಸಬ್ಸಿಡಿಗಳ ಪ್ರಶ್ನೆಯನ್ನು ಮುಂದಕ್ಕೆ ಹಾಕಲಾಗಿದೆ. ನಮ್ಮ ಕರಾವಳಿಯ ಕರರಹಿತ ಡೀಸೆಲ್, ನಾಡದೋಣಿಗಳ ಸೀಮೆಎಣ್ಣೆಯಂಥ ನೆರವುಗಳು ಚರ್ಚೆಗೆ ಬರುವುದು ಅಲ್ಲಿ. ದಶಕಗಳ ಕಾಲ ದೂರದ ಕಡಲನ್ನೆಲ್ಲ ಗೋರಿದವರಿಗೂ ದಿನದ ಕೂಲಿಗೆ ದೋಣಿ ಇಳಿಸುವವರಿಗೂ ಒಂದೇ ಅಳತೆಗೋಲು ಬೇಡ, ನಮಗೆ 25 ವರ್ಷಗಳ ಕಾಲಾವಕಾಶ ಬೇಕು ಎಂಬುದು ಭಾರತದ ನಿಲುವು. 1998ರಲ್ಲಿ ನಾವು ಗೆದ್ದದ್ದೂ ಕಾಲಾವಕಾಶದ ತಾರತಮ್ಯದ ಮೇಲೆಯೇ, ಆದ್ದರಿಂದ ಆ ವಾದದಲ್ಲಿ ಬಲವಿದೆ. ಆದರೆ ಅವಕಾಶ ಸಿಕ್ಕ ವರ್ಷಗಳಲ್ಲಿ ಬಲೆಗೆ ಬಾಗಿಲು ಇಡಿಸಲಾಗದ ನಮ್ಮ ದಾಖಲೆ ಎದುರಿನವರ ಕಡತದಲ್ಲಿರುತ್ತದೆ. ಬಾಕಿ ಉಳಿದ ನಿಯಮಗಳು ಒಪ್ಪಂದ ಜಾರಿಯಾದ ನಾಲ್ಕು ವರ್ಷಗಳೊಳಗೆ ರೂಪುಗೊಳ್ಳದಿದ್ದರೆ, ಸಂಸ್ಥೆಯ ಸಾಮಾನ್ಯ ಮಂಡಳಿ ಬೇರೆ ತೀರ್ಮಾನ ಕೈಗೊಳ್ಳದ ಹೊರತು, ಇಡೀ ಒಪ್ಪಂದವೇ ರದ್ದಾಗುತ್ತದೆ. ಆ ಗಡುವು 2029ರ ಸೆಪ್ಟೆಂಬರಿಗೆ ಮುಗಿಯುತ್ತದೆ.