ವ್ಯಾನಿನಲ್ಲಿ ಕಾಲುಚೀಲ ಇತ್ತು, ಬಂದೂಕು ಇರಲಿಲ್ಲ

ಅಮೆರಿಕದ ಆರೆಗಾನ್ ರಾಜ್ಯದಲ್ಲಿ ಯುಜೀನ್ ಅಂತ ಒಂದು ಊರು. ಅಲ್ಲಿ 1989ರಿಂದ ಒಂದು ಬಿಳಿ ವ್ಯಾನ್ ಓಡಾಡುತ್ತಿತ್ತು. ಒಳಗೆ ನೀರಿನ ಬಾಟಲಿ, ತಿಂಡಿ, ಒಣಗಿದ ಕಾಲುಚೀಲ. ಬೀದಿಯಲ್ಲಿ ಮಲಗುವವರ ಕಾಲು ಮಳೆಗೆ ನೆನೆದು ಹುಣ್ಣಾಗುತ್ತದೆ, ಅದಕ್ಕೇ ಕಾಲುಚೀಲ.

ಇದು ಕಹೂಟ್ಸ್, ವೈಟ್ ಬರ್ಡ್ ಕ್ಲಿನಿಕ್‌ನವರ ತಂಡ. ಯಾರೋ ರಸ್ತೆಯಲ್ಲಿ ಕಾಣದವರ ಜೊತೆ ಜಗಳ ಆಡುತ್ತಿದ್ದಾರೆ, ಯಾರೋ ಕುಡಿದು ಬಿದ್ದಿದ್ದಾರೆ ಅಂತ ಕರೆ ಬಂದರೆ ಪೊಲೀಸರ ಬದಲು ಈ ತಂಡದ ಇಬ್ಬರು ಹೋಗುತ್ತಿದ್ದರು. ಒಬ್ಬರು ನರ್ಸ್ ಅಥವಾ ತುರ್ತು ಚಿಕಿತ್ಸೆ ಬಲ್ಲವರು, ಇನ್ನೊಬ್ಬರು ಮಾತಾಡಿ ಸಮಾಧಾನ ಮಾಡುವುದರಲ್ಲಿ ಪಳಗಿದವರು. ಖಾಕಿಯಂಥ ಸಮವಸ್ತ್ರ ಇಲ್ಲ, ಆಯುಧವೂ ಇಲ್ಲ.

ಇದು ಕೆಲಸ ಮಾಡುವುದಕ್ಕೆ ಕಾರಣ ನಮ್ಮ ಮೆದುಳಿನಲ್ಲೇ ಇದೆ. ಹೆದರಿದಾಗ ಅಡ್ರಿನಲಿನ್ ಏರುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ನಿಧಾನವಾಗಿ ಯೋಚಿಸುವ ಮೆದುಳಿನ ಮುಂಭಾಗದ ಹಿಡಿತ ಸಡಿಲವಾಗುತ್ತದೆ. ಮೊದಲೇ ಕಿವಿಯಲ್ಲಿ ಹತ್ತು ದನಿ ಕೇಳುತ್ತಿರುವವನಿಗೆ ‘ಕೈ ಮೇಲೆತ್ತು’ ಅಂತ ಗದರಿದರೆ ಅದು ಹನ್ನೊಂದನೇ ದನಿ, ಅಷ್ಟೆ. ಅವನು ಕೈ ಎತ್ತುವುದಿಲ್ಲ. ಗದರಿದವರಿಗೆ ಅದು ಹಟದ ಹಾಗೆ ಕಾಣುತ್ತದೆ, ಅವರ ಅಡ್ರಿನಲಿನ್ನೂ ಏರುತ್ತದೆ, ಅಲ್ಲಿಂದ ಅನಾಹುತಕ್ಕೆ ಜಾಸ್ತಿ ಹೊತ್ತು ಬೇಕಿಲ್ಲ. ಕಹೂಟ್ಸ್‌ನವರು ಮಾಡುತ್ತಿದ್ದುದು ಇದರ ಉಲ್ಟಾ. ಸ್ವಲ್ಪ ದೂರ, ಸ್ವಲ್ಪ ಓರೆಯಾಗಿ ನಿಂತು ಮೆಲ್ಲಗೆ ಒಂದೇ ಪ್ರಶ್ನೆ ಕೇಳಿ, ಉತ್ತರಕ್ಕೆ ಸುಮ್ನೆ ಕಾಯುವುದು. ಆ ಕಾಯುವ ಹೊತ್ತಲ್ಲೇ ಮೈ ತಣಿಯುತ್ತದೆ.

2019ರಲ್ಲಿ ಕಹೂಟ್ಸ್‌ಗೆ ಸುಮಾರು 24,000 ಕರೆ ಬಂದಿತ್ತು. ಪೊಲೀಸರ ನೆರವು ಕೇಳಿದ್ದು ಕೆಲವು ನೂರು ಸಲ ಮಾತ್ರ. 2020ರ ಜೂನ್‌ನಲ್ಲಿ ಅಮೆರಿಕದ್ದೇ ಡೆನ್ವರ್ ನಗರ ‘ಸ್ಟಾರ್’ ಅನ್ನುವ ಇಂಥದ್ದೇ ತಂಡ ಶುರುಮಾಡಿತು. ಮೊದಲ ಆರು ತಿಂಗಳಲ್ಲಿ 748 ಕರೆ, ಒಂದೂ ಬಂಧನ ಇಲ್ಲ. ತಂಡ ಓಡಾಡಿದ ಕಡೆ ಸಣ್ಣಪುಟ್ಟ ಅಪರಾಧದ ದೂರುಗಳು 34% ಇಳಿದಿದ್ದವು ಅಂತ ಸ್ಟ್ಯಾನ್‌ಫರ್ಡ್‌ನ ಸಂಶೋಧಕರು 2022ರಲ್ಲಿ ಬರೆದರು.

ಆದರೂ ದುಡ್ಡಿನ ತೊಂದರೆಯಿಂದ 2025ರ ಏಪ್ರಿಲ್‌ನಲ್ಲಿ ಯುಜೀನ್‌ನ ವ್ಯಾನ್ ನಿಂತುಹೋಯಿತು. ಓದಿದಾಗ ಹೊಟ್ಟೆಯಲ್ಲಿ ಸಂಕಟವಾಯಿತು.

ನಮ್ಮಲ್ಲಿ 2022ರಿಂದ ಟೆಲಿ ಮಾನಸ್ ಅನ್ನುವ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಇದೆ. 14416ಕ್ಕೆ ಯಾವಾಗ ಬೇಕಾದರೂ ಕನ್ನಡದಲ್ಲೇ ಮಾತಾಡಬಹುದು, ಬೆಂಗಳೂರಿನ ನಿಮ್ಹಾನ್ಸ್ ಅದಕ್ಕೆ ಬೆನ್ನೆಲುಬು. ಆದರೆ ಬೀದಿಯಲ್ಲಿ ಕೂಗಾಡುವವರು ತಾವಾಗಿ ಫೋನ್ ಮಾಡುವುದಿಲ್ಲ ಅಲ್ವಾ? ಬೀದಿಯಲ್ಲಿ ಅಲೆದಾಡುವ ಮಾನಸಿಕ ಕಾಯಿಲೆಯವರನ್ನು ರಕ್ಷಿಸಿ 24 ಗಂಟೆಯೊಳಗೆ ಸರ್ಕಾರಿ ಆಸ್ಪತ್ರೆಗೆ ಮುಟ್ಟಿಸುವ ಹೊಣೆಯನ್ನು 2017ರ ಮಾನಸಿಕ ಆರೋಗ್ಯ ಕಾಯ್ದೆ ಪೊಲೀಸ್ ಠಾಣೆಗೇ ಕೊಟ್ಟಿದೆ. ಆ ಜೀಪಿನಲ್ಲಿ ಒಬ್ಬ ನರ್ಸ್ ಕೂಡ ಕೂತಿರಲಿ ಅನ್ನುವುದು ನನ್ನ ಆಸೆ.