ಮಚ್ಚೆ ಬಟ್ಟೆಯ ಕಥೆ: ಅಡಗುವುದಕ್ಕೋ, ಕಾಣುವುದಕ್ಕೋ?

ಸೈನಿಕರು ಅಡಗಲು ತೊಡುವ ಮಚ್ಚೆ ಬಟ್ಟೆಗೆ ಕ್ಯಾಮೊಫ್ಲಾಜ್ ಎನ್ನುತ್ತಾರೆ. ಡಿಜಿಟಲ್ ಕ್ಯಾಮೊಫ್ಲಾಜ್ ಎಂದರೆ ಕ್ಯಾಮೆರಾಗೆ ಸಿಗದ ಬಟ್ಟೆ ಎಂದುಕೊಂಡವರು ಬಹಳ ಜನ ಇದ್ದಾರೆ. ಹಾಗೇನಿಲ್ಲ. ಪುಟ್ಟ ಪುಟ್ಟ ಚೌಕಗಳಿಂದ ಮಾಡಿದ ವಿನ್ಯಾಸ ಕಂಪ್ಯೂಟರ್ ಚಿತ್ರದಂತೆ ಕಾಣುತ್ತದೆ, ಅದಕ್ಕೇ ಆ ಹೆಸರು ಬಂತು. ಆ ಚೌಕಗಳು ಮೋಸ ಮಾಡಬೇಕಿರುವುದು ಮನುಷ್ಯನ ಕಣ್ಣಿಗೆ. ಆದರೆ ಚೌಕ ಇದ್ದರೆ ಸಾಕು, ಮಿಕ್ಕಿದ್ದೆಲ್ಲ ತಾನಾಗೇ ಆಗುತ್ತದೆ ಎಂದು ನಂಬಿದವರಲ್ಲಿ ಜಗತ್ತಿನ ಅತಿ ಶ್ರೀಮಂತ ಸೇನೆಯೂ ಇತ್ತು.

ಒಂದು ಕಾಲದಲ್ಲಿ ಸೈನಿಕ ಎದ್ದು ಕಾಣಬೇಕಿತ್ತು. ಮದ್ದಿನ ಹೊಗೆ ತುಂಬಿದ ಯುದ್ಧಭೂಮಿಯಲ್ಲಿ ನಮ್ಮವರು ಯಾರು, ಅವರು ಯಾರು ಎಂದು ಗೊತ್ತಾಗುತ್ತಿದ್ದದ್ದೇ ಬಣ್ಣದಿಂದ. ಹೊಗೆ ಕಡಿಮೆಯಾಗಿ, ಬಂದೂಕಿನ ಗುರಿ ದೂರ ದೂರಕ್ಕೆ ಹೋದಂತೆ ಈ ಲೆಕ್ಕ ತಲೆಕೆಳಗಾಯಿತು. 1840ರ ದಶಕದಲ್ಲೇ ಪೇಶಾವರದಲ್ಲಿ ಹ್ಯಾರಿ ಲಮ್ಸ್‌ಡೆನ್ ಎಂಬ ಬ್ರಿಟಿಷ್ ಅಧಿಕಾರಿ ತನ್ನ ಗೈಡ್ಸ್ ಪಡೆಗೆ ಮಣ್ಣಿನ ಬಣ್ಣದ ಖಾಕಿ ತೊಡಿಸಿದ್ದ. ಫ್ರೆಂಚರು ಮಾತ್ರ 1914ರಲ್ಲೂ ಕೆಂಪು ಪ್ಯಾಂಟ್ ಹಾಕಿಕೊಂಡೇ ಯುದ್ಧಕ್ಕೆ ಹೋದರು, ಅದಕ್ಕೆ ಭಾರಿ ಬೆಲೆ ತೆತ್ತರು. ಮರುವರ್ಷ, 1915ರಲ್ಲಿ, ಚಿತ್ರಕಲಾವಿದರನ್ನು ಸೇರಿಸಿಕೊಂಡು ಮರೆಮಾಚುವ ಕೆಲಸಕ್ಕೇ ಒಂದು ವಿಭಾಗ ತೆರೆದವರೂ ಅವರೇ. ಆಗ ಬಣ್ಣ ಬಳಿಯುತ್ತಿದ್ದದ್ದು ಹೆಚ್ಚಾಗಿ ಫಿರಂಗಿಗಳಿಗೆ, ಪರದೆಗಳಿಗೆ.

ಬಟ್ಟೆಯ ಮೇಲೆ ಯಂತ್ರದಲ್ಲಿ ಮಚ್ಚೆ ಅಚ್ಚು ಹಾಕುವುದು ಶುರುವಾದದ್ದು ಡೇರೆಗಳಿಂದ. ಇಟಲಿ 1929ರಲ್ಲಿ, ಜರ್ಮನಿ 1931ರಲ್ಲಿ ಅಂಥ ಡೇರೆ ಬಟ್ಟೆ ತಂದವು. ಎರಡನೇ ಮಹಾಯುದ್ಧದ ಹೊತ್ತಿಗೆ ಅದು ಸೈನಿಕರ ಮೈಮೇಲೂ ಬಂತು. ಅಮೆರಿಕದ 'ಕಪ್ಪೆ ಚರ್ಮ' ವಿನ್ಯಾಸ ಮಾಡಿದ್ದು ನಾರ್ವೆಲ್ ಗಿಲೆಸ್ಪಿ ಎಂಬ ತೋಟಗಾರಿಕೆ ತಜ್ಞ. ಎಲೆ, ನೆರಳು, ಮಣ್ಣು ಇವುಗಳ ಲೆಕ್ಕ ತೋಟದವನಿಗಿಂತ ಚೆನ್ನಾಗಿ ಇನ್ಯಾರಿಗೆ ಗೊತ್ತು, ಅಲ್ವಾ?

ಇವೆಲ್ಲಕ್ಕೂ ಒಂದು ಸಮಸ್ಯೆ ಇತ್ತು. ಹತ್ತಿರದಿಂದ ಸಣ್ಣ ಮಚ್ಚೆ ಎಲೆಗಳ ಜೊತೆ ಬೆರೆತುಹೋಗುತ್ತದೆ. ಅದನ್ನೇ ದೂರದಿಂದ ನೋಡಿದರೆ ಮಚ್ಚೆಗಳೆಲ್ಲ ಒಂದಕ್ಕೊಂದು ಕಲಸಿ, ಮನುಷ್ಯಾಕಾರದ ಒಂದೇ ಬಣ್ಣದ ಗೊಂಬೆ ಕಾಣುತ್ತದೆ. ದೊಡ್ಡ ಮಚ್ಚೆ ದೂರಕ್ಕೆ ಸರಿ, ಹತ್ತಿರಕ್ಕೆ ಆಗದು. 1981ರಲ್ಲಿ ಅಮೆರಿಕ ತಂದ ವುಡ್‌ಲ್ಯಾಂಡ್ ಎಂಬ ಪ್ರಸಿದ್ಧ ವಿನ್ಯಾಸ ಹೊಸದೇನಲ್ಲ. 1948ರ ಹಳೆಯ ವಿನ್ಯಾಸವನ್ನೇ ಹಿಗ್ಗಿಸಿ ದೂರಕ್ಕೆ ಹೊಂದಿಸಿದ್ದರು.

ಎರಡೂ ಕೆಲಸವನ್ನು ಒಂದೇ ವಿನ್ಯಾಸದಲ್ಲಿ ಮಾಡಿಸಬಹುದು ಎಂದು ಹೊರಟವನು ಟಿಮೊಥಿ ಓ'ನೀಲ್. ಅಮೆರಿಕದ ಸೇನಾಧಿಕಾರಿ, ಮನಶ್ಶಾಸ್ತ್ರ ಓದಿದವನು. 1970ರ ದಶಕದ ನಡುವೆ ಅವನು ಒಂದು ಸೇನಾ ವಾಹನಕ್ಕೆ ಚೌಕ ಚೌಕವಾಗಿ ಬಣ್ಣ ಬಳಿಸಿ ನೋಡಿದ. ಹತ್ತಿರ ಬಂದರೆ ಕಾಣುವುದು ಸಣ್ಣ ಚೌಕಗಳ ಗಲಿಬಿಲಿ. ದೂರ ಹೋದಂತೆ ಆ ಚೌಕಗಳೇ ಗುಂಪುಗೂಡಿ ದೊಡ್ಡ ಮಚ್ಚೆಗಳಾಗುತ್ತವೆ, ವಾಹನದ ಆಕಾರವನ್ನು ಒಡೆಯುತ್ತವೆ. ಚೌಕವೇ ಆಗಬೇಕೆಂದೇನೂ ಇರಲಿಲ್ಲ. ಮುಖ್ಯವಾದದ್ದು ಸಣ್ಣದರೊಳಗೆ ದೊಡ್ಡದನ್ನು ಕೂರಿಸುವ ಆ ಎರಡು ಅಳತೆಯ ಉಪಾಯ.

ಕೆನಡಾ 1990ರ ದಶಕದಲ್ಲಿ ಈ ದಾರಿಯಲ್ಲೇ ಕ್ಯಾಡ್‌ಪ್ಯಾಟ್ ಎಂಬ ವಿನ್ಯಾಸ ಮಾಡಿತು. ಅದನ್ನು ನೋಡಿ ಅಮೆರಿಕದ ಮರೀನ್ ಪಡೆ 2002ರ ಹೊತ್ತಿಗೆ ಮಾರ್‌ಪ್ಯಾಟ್ ತಂದಿತು. ಎರಡೂ ಚೆನ್ನಾಗಿ ಕೆಲಸ ಮಾಡಿದವು. ಒಂದು ಸ್ವಾರಸ್ಯ ಏನೆಂದರೆ, ಮರೀನ್‌ಗಳು ಆ ಮಚ್ಚೆಗಳ ನಡುವೆ ತಮ್ಮ ಪಡೆಯ ಲಾಂಛನವನ್ನೂ ಪುಟ್ಟದಾಗಿ ಅಚ್ಚು ಹಾಕಿಸಿದರು. ಅಡಗುವ ಬಟ್ಟೆಯ ಮೇಲೆ ಹೆಸರು ಬರೆಸಿಕೊಂಡ ಹಾಗೆ! ಎಡವಟ್ಟು ಶುರುವಾದದ್ದು ಇಲ್ಲಿಂದಲೇ ಎಂದು ನನಗನ್ನಿಸುತ್ತದೆ. ಮಚ್ಚೆ ಬಟ್ಟೆ ಪಡೆಯ ಪ್ರತಿಷ್ಠೆಯಾಯಿತು. 2002ರವರೆಗೆ ಅಮೆರಿಕದ ಎಲ್ಲ ಪಡೆಗಳಿಗೂ ಸೇರಿ ಇದ್ದದ್ದು ಎರಡೇ ವಿನ್ಯಾಸ, ಕಾಡಿಗೊಂದು, ಮರುಭೂಮಿಗೊಂದು. ಆಮೇಲಿನ ಹತ್ತು ವರ್ಷದಲ್ಲಿ ಏಳು ಹೊಸ ಸಮವಸ್ತ್ರ ಬಂದವು ಎಂದು ಅಲ್ಲಿನ ಸರ್ಕಾರಿ ಲೆಕ್ಕಪರಿಶೋಧಕರು 2012ರಲ್ಲಿ ಬರೆದರು. ನೌಕಾಪಡೆಯಂತೂ ನೀಲಿ ಚೌಕಗಳ ಬಟ್ಟೆ ಹೊಲಿಸಿತು. ಹಡಗಿನಿಂದ ನೀರಿಗೆ ಬಿದ್ದವನನ್ನು ಹುಡುಕಲು ಹೋದರೆ ಅವನು ನೀರಿನ ಬಣ್ಣದಲ್ಲೇ ಇರುತ್ತಾನೆ!

ಎಲ್ಲಕ್ಕಿಂತ ದೊಡ್ಡ ಎಡವಟ್ಟು ಭೂಸೇನೆಯದು. ಕಾಡು, ಮರುಭೂಮಿ, ನಗರ ಎಲ್ಲಕ್ಕೂ ಒಂದೇ ಬಟ್ಟೆ ಸಾಕು ಎಂದು 2004ರಲ್ಲಿ ಯುಸಿಪಿ ಎಂಬ ವಿನ್ಯಾಸ ಘೋಷಿಸಿದರು. ತಿಳಿ ಬೂದು, ತಿಳಿ ಹಸಿರು, ಮರಳು ಬಣ್ಣ. ಚೌಕಗಳೇನೋ ಇದ್ದವು. ಆದರೆ ಬಣ್ಣಗಳು ಒಂದಕ್ಕೊಂದು ಎಷ್ಟು ಹತ್ತಿರವೆಂದರೆ, ಸ್ವಲ್ಪ ದೂರ ನಿಂತರೆ ಎಲ್ಲ ಸೇರಿ ಒಂದೇ ಮಾಸಲು ಬೂದಿ ಬಣ್ಣ. ಓ'ನೀಲ್ ಮಾಡಿದ ಎರಡನೇ ಅಳತೆಯೇ ಇಲ್ಲಿ ಮಾಯ. ಅಫ್ಗಾನಿಸ್ತಾನದ ಬೆಟ್ಟಗಳಲ್ಲಿ ಸೈನಿಕರು ಎದ್ದು ಕಾಣುತ್ತಿದ್ದರು. ಕೊನೆಗೆ 2010ರಲ್ಲಿ ಅಲ್ಲಿಗೆ ಹೋಗುವವರಿಗೆ ಮಲ್ಟಿಕ್ಯಾಮ್ ಎಂಬ ಬೇರೆ ವಿನ್ಯಾಸ ಕೊಡಬೇಕಾಯಿತು. ಅದರಲ್ಲಿ ಒಂದೂ ಚೌಕ ಇಲ್ಲ. ಬಣ್ಣಗಳು ಒಂದರೊಳಗೊಂದು ಮೆಲ್ಲಗೆ ಕರಗುತ್ತವೆ, ಅಷ್ಟೇ. ಅದೇ ವರ್ಷ ಬ್ರಿಟನ್ ಕೂಡ ಅದನ್ನೇ ಸ್ವಲ್ಪ ಮಾರ್ಪಡಿಸಿಕೊಂಡು ಬಳಸತೊಡಗಿತು.

ಅಫ್ಗಾನ್ ಸೇನೆಯದು ಇನ್ನೂ ವಿಚಿತ್ರ. ಅಲ್ಲಿನ ರಕ್ಷಣಾ ಸಚಿವರಿಗೆ ಕಾಡಿನ ವಿನ್ಯಾಸವೊಂದು ಇಷ್ಟವಾಯಿತು, ಅದನ್ನೇ ಕೊಂಡರು. ಆ ದೇಶದಲ್ಲಿ ಕಾಡು ಇರುವುದು ಶೇ. 2.1 ಭಾಗ ನೆಲದಲ್ಲಿ ಮಾತ್ರ. ಇದರಿಂದ 2.8 ಕೋಟಿ ಡಾಲರ್‌ವರೆಗೆ ಹೆಚ್ಚುವರಿ ಖರ್ಚಾಗಿರಬಹುದು ಎಂದು ಅಮೆರಿಕದ ತನಿಖಾ ಸಂಸ್ಥೆ 2017ರಲ್ಲಿ ಹೇಳಿತು. ಹಣ ಅಮೆರಿಕದ ತೆರಿಗೆದಾರರದ್ದು.

ಕಣ್ಣಿಗೆ ಕಾಣದ ಇನ್ನೊಂದು ಕೆಲಸವೂ ಈ ಬಟ್ಟೆಗಿದೆ. ಹಸಿರೆಲೆ ನಮ್ಮ ಕಣ್ಣಿಗೆ ಕಾಣದ ಅವಗೆಂಪು (ಇನ್‌ಫ್ರಾರೆಡ್) ಬೆಳಕನ್ನು ಜಾಸ್ತಿ ಹಿಂದಕ್ಕೆ ಕಳಿಸುತ್ತದೆ. ಕತ್ತಲಲ್ಲಿ ನೋಡುವ ಸಾಧನಗಳು ಈ ಬೆಳಕನ್ನೂ ಹಿಡಿಯುತ್ತವೆ. ಹಾಗಾಗಿ ಬಟ್ಟೆಯ ಬಣ್ಣವೂ ಆ ಬೆಳಕಿನಲ್ಲಿ ಎಲೆಯಂತೆಯೇ ವರ್ತಿಸಬೇಕು, ಇಲ್ಲದಿದ್ದರೆ ಸೈನಿಕ ಬೇರೆಯಾಗಿ ಕಾಣುತ್ತಾನೆ. ಹೊಳಪು ಕೊಡುವ ಸೋಪಿನ ಪುಡಿಯಲ್ಲಿ ಸಮವಸ್ತ್ರ ಒಗೆಯಬೇಡಿ ಎಂದು ಸೇನೆಗಳು ಹೇಳುವುದು ಸುಮ್ನೆ ಅಲ್ಲ.

ಇನ್ನು ಪೊಲೀಸರು. ಕಾಡಿನಲ್ಲಿ ಹುಡುಕಾಟ ನಡೆಸುವ ಪಡೆಗೆ ಮಚ್ಚೆ ಬಟ್ಟೆ ನಿಜವಾಗಿಯೂ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಪಟ್ಟಣದ ರಸ್ತೆಯಲ್ಲಿ? ರಷ್ಯಾದ ಗಲಭೆ ನಿಗ್ರಹ ಪೊಲೀಸರ ನೀಲಿ-ಬೂದು ಮಚ್ಚೆ ಬಟ್ಟೆ ಯಾರನ್ನೂ ಅಡಗಿಸುವುದಿಲ್ಲ. ಬಂದವರು ಯಾರು ಎಂದು ದೂರದಿಂದಲೇ ಹೇಳುತ್ತದೆ. 2014ರಲ್ಲಿ ಅಮೆರಿಕದ ಫರ್ಗುಸನ್‌ನಲ್ಲಿ ಪ್ರತಿಭಟನೆ ನಡೆದಾಗ ಪೊಲೀಸರು ಕಾಡಿನ ಬಟ್ಟೆ ತೊಟ್ಟು ಡಾಂಬರು ರಸ್ತೆಯಲ್ಲಿ ನಿಂತ ಫೋಟೊಗಳು ಎಲ್ಲೆಡೆ ಹರಿದಾಡಿದವು. ಮರುವರ್ಷ ಒಬಾಮ ಸರ್ಕಾರ ಸೇನೆಯಿಂದ ಪೊಲೀಸರಿಗೆ ಹೋಗಬಾರದ ವಸ್ತುಗಳ ಪಟ್ಟಿ ಮಾಡಿತು. ಬಯೊನೆಟ್, ಗ್ರೆನೇಡ್ ಲಾಂಚರ್ ಜೊತೆಗೆ ಮಚ್ಚೆ ಸಮವಸ್ತ್ರವೂ ಅದರಲ್ಲಿತ್ತು. ತಮಾಷೆ ಎಂದರೆ, ವುಡ್‌ಲ್ಯಾಂಡ್ ಮತ್ತು ಮರುಭೂಮಿ ವಿನ್ಯಾಸಕ್ಕೆ ವಿನಾಯಿತಿ ಕೊಟ್ಟಿದ್ದರು. 2017ರಲ್ಲಿ ಟ್ರಂಪ್ ಆ ಆದೇಶವನ್ನೇ ರದ್ದು ಮಾಡಿದರು.

ಮೂರು ವರ್ಷದ ನಂತರ ದೂರು ಬಂದದ್ದು ಯಾರೂ ನಿರೀಕ್ಷಿಸದ ಕಡೆಯಿಂದ. 2020ರ ಜುಲೈನಲ್ಲಿ ಅಮೆರಿಕದ ಕೇಂದ್ರ ಸರ್ಕಾರದ ಪೊಲೀಸ್ ಪಡೆಗಳು ಮಚ್ಚೆ ಬಟ್ಟೆಯಲ್ಲಿ ಪೋರ್ಟ್‌ಲ್ಯಾಂಡ್ ನಗರದ ಬೀದಿಗಿಳಿದಾಗ, ರಕ್ಷಣಾ ಸಚಿವ ಮಾರ್ಕ್ ಎಸ್ಪರ್‌ಗೆ ಇದರ ಬಗ್ಗೆ ಆತಂಕವಿದೆ ಎಂದು ಅಲ್ಲಿನ ರಕ್ಷಣಾ ಇಲಾಖೆಯಾದ ಪೆಂಟಗನ್ ಬಹಿರಂಗವಾಗಿಯೇ ಹೇಳಿತು. ಯಾರು ಸೈನಿಕ, ಯಾರು ಪೊಲೀಸ್ ಎಂಬುದು ಜನರಿಗೆ ಗೊತ್ತಾಗಬೇಕು ಎಂಬುದು ಸೇನೆಯ ವಾದವಾಗಿತ್ತು.